ದೀಪಾವಳಿಗೆ ಮೊದಲು: ಕೊಟ್ಟಿಗೆ, ಕಾಡು ಮತ್ತು ನಮ್ಮ ಆರೋಗ್ಯ

(ಮಲೆನಾಡಿನ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಪಶುವೈದ್ಯರೊಬ್ಬರು ಮಾಡಿದ ಭಾಷಣದ ಪಾಠ)



ಭೂಮಿ ಹುಣ್ಣಿಮೆಯಿಂದ ದೀಪಾವಳಿಯವರೆಗಿನ ದಿನಗಳು ನಮ್ಮ ಮಲೆನಾಡಿನಲ್ಲಿ ಒಳ್ಳೆಯ ದಿನಗಳು. ಮಳೆ ಹಿಂದೆ ಸರಿದಿರುತ್ತದೆ, ಗದ್ದೆಯಲ್ಲಿ ಭತ್ತ ತೆನೆಗೆ ಬಂದಿರುತ್ತದೆ, ಹಸಿರು ಮೇವಿಗೆ ಕೊರತೆಯಿರುವುದಿಲ್ಲ. ಇಂಥ ಹೊತ್ತಿನಲ್ಲಿ ಕಾಯಿಲೆಯ ಮಾತೇಕೆ ಎಂದು ತಾವು ಕೇಳಬಹುದು.

ಮಂಗನ ಕಾಯಿಲೆಯ ಮಾತು ನಮ್ಮ ಊರುಗಳಲ್ಲಿ ಏಳುವುದು ಸಾಮಾನ್ಯವಾಗಿ ಜನವರಿ, ಫೆಬ್ರವರಿ ತಿಂಗಳಲ್ಲಿ. ಅಷ್ಟು ಹೊತ್ತಿಗೆ ಯಾರದೋ ಮನೆಯವರು ಆಸ್ಪತ್ರೆ ಸೇರಿರುತ್ತಾರೆ. ಆದರೆ ಆ ಕಾಯಿಲೆಯನ್ನು ಹರಡುವ ಉಣುಗಿನ ಮರಿಗಳು ಹುಟ್ಟುವುದು ಮಳೆ ನಿಂತ ಈ ಶರತ್ಕಾಲದಲ್ಲಿ. ಆದ್ದರಿಂದ ನಾವು ಎಚ್ಚರಗೊಳ್ಳಬೇಕಾದದ್ದೂ ಈಗಲೇ. ಇದರಲ್ಲಿ ದನ ಸಾಕುವ ನಮ್ಮ ಪಾತ್ರ ಏನು, ನಮ್ಮ ಸಂಘ ಏನು ಮಾಡಬಹುದು ಎಂಬುದನ್ನು ಇಂದು ತಮ್ಮ ಮುಂದೆ ಇಡುತ್ತೇನೆ.

ಕ್ಯಾಸನೂರಿನಿಂದ ಪುಣೆಗೆ

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸುವಗಳೂ ಸತ್ತು ಬೀಳತೊಡಗಿದವು. ಅದೇ ಸಮಯದಲ್ಲಿ ಕಾಡಂಚಿನ ಹಳ್ಳಿಗಳ ಜನರಿಗೆ ವಿಪರೀತ ಜ್ವರ ಬಂತು. ಕೆಲವರು ತೀರಿಕೊಂಡರು. ಮಂಗ ಸಾಯುವುದಕ್ಕೂ ಮನುಷ್ಯರಿಗೆ ಜ್ವರ ಬರುವುದಕ್ಕೂ ಸಂಬಂಧ ಇದೆ ಎಂಬುದು ಕಾಡಿನಲ್ಲಿ ಓಡಾಡುವ ಜನರ ಕಣ್ಣಿಗೆ ಕಾಣುವಂತಿತ್ತು.

ಆಗ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ ಎಂಬ ವೈದ್ಯಕೀಯ ಸಂಸ್ಥೆ ಇತ್ತು. 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ ಅದನ್ನು ಸ್ಥಾಪಿಸಿದ್ದವು. ಆ ಸಂಸ್ಥೆಯ ವೈದ್ಯರು, ಕೀಟತಜ್ಞರು, ಸಹಾಯಕರು ಸೊರಬದ ಕಾಡಿಗೆ ಬಂದರು. ಮಂಗಗಳು ಸಾಯುತ್ತಿದ್ದುದರಿಂದ ಇದು ಆಫ್ರಿಕಾದ ಹಳದಿ ಜ್ವರ ಇರಬಹುದೇ ಎಂಬ ಭಯ ಮೊದಲು ಇತ್ತು. ಪರೀಕ್ಷೆ ಮಾಡಿದಾಗ ಅದು ಅಲ್ಲ, ಅದುವರೆಗೆ ಯಾರೂ ಕಾಣದ ಹೊಸ ವೈರಸ್ ಎಂದು ತಿಳಿಯಿತು. ಸೊಳ್ಳೆಯಿಂದಲ್ಲ, ಉಣುಗಿನಿಂದ ಹರಡುತ್ತದೆ ಎಂಬುದೂ ಗೊತ್ತಾಯಿತು. ಕಾಡಿನ ಹೆಸರೇ ಕಾಯಿಲೆಗೆ ಬಂತು. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಇಂದಿಗೂ ಇದು ಕ್ಯಾಸನೂರು ಕಾಡಿನ ಕಾಯಿಲೆ, ಅಂದರೆ ಕೆ.ಎಫ್.ಡಿ.

ಪುಣೆಯ ಸಂಸ್ಥೆ ಸಾಗರದಲ್ಲಿ ಒಂದು ಕ್ಷೇತ್ರ ಕೇಂದ್ರವನ್ನು ಇಟ್ಟುಕೊಂಡು ವರ್ಷಗಟ್ಟಲೆ ಕೆಲಸ ಮಾಡಿತು. ಸಿಬ್ಬಂದಿ ಕಾಡಿನ ನೆಲದ ಮೇಲೆ ಬಟ್ಟೆ ಎಳೆದು, ಅದಕ್ಕೆ ಅಂಟಿಕೊಂಡ ಉಣುಗುಗಳನ್ನು ಹೆಕ್ಕಿ ಪರೀಕ್ಷೆಗೆ ಕಳುಹಿಸುತ್ತಿದ್ದರು. ಯಾವ ತಿಂಗಳಲ್ಲಿ ಯಾವ ಗಾತ್ರದ ಉಣುಗು ಇರುತ್ತದೆ ಎಂಬ ಲೆಕ್ಕ ನಮಗೆ ಇಂದು ಸಿಕ್ಕಿರುವುದು ಅವರ ಆ ದುಡಿಮೆಯಿಂದ. ಈ ಕೆಲಸ ಅವರಿಗೂ ಸುಲಭವಾಗಿರಲಿಲ್ಲ. ಪ್ರಯೋಗಾಲಯದಲ್ಲಿ ವೈರಸ್‌ನೊಂದಿಗೆ ಕೆಲಸ ಮಾಡುತ್ತಿದ್ದ ಸಿಬ್ಬಂದಿಯಲ್ಲಿಯೂ ಅನೇಕರಿಗೆ ಇದೇ ಕಾಯಿಲೆ ತಗುಲಿತು. 1978ರಲ್ಲಿ ಆ ಕೇಂದ್ರ ರಾಷ್ಟ್ರೀಯ ವೈರಾಣು ಸಂಸ್ಥೆಯಾಯಿತು. ಇಂಥ ಅಪಾಯಕಾರಿ ವೈರಸ್‌ಗಳಿಗಾಗಿ ಪುಣೆಯಲ್ಲಿ ಅತಿ ಹೆಚ್ಚಿನ ಭದ್ರತೆಯ ಪ್ರಯೋಗಾಲಯ 2012ರಲ್ಲಿ ಸಿದ್ಧವಾಯಿತು.

ಇದನ್ನು ಏಕೆ ಹೇಳಿದೆನೆಂದರೆ, ಓದಿದವರು, ಕೈಗವಸು ಹಾಕಿಕೊಂಡು ಕೆಲಸ ಮಾಡುವವರು ಕೂಡ ಈ ಕಾಯಿಲೆಯ ವಿಷಯದಲ್ಲಿ ತಮ್ಮ ಆರೋಗ್ಯಕ್ಕೆ ನಿಯಮ ಮಾಡಿಕೊಳ್ಳಬೇಕಾಯಿತು. ಬರಿಗಾಲಿನಲ್ಲಿ ಸೊಪ್ಪಿನಬೆಟ್ಟಕ್ಕೆ ಹೋಗುವ ನಮಗೆ ಅಂಥ ನಿಯಮ ಇನ್ನೂ ಹೆಚ್ಚು ಬೇಕು.

ಉಣುಗಿಗೂ ಒಂದು ಪಂಚಾಂಗವಿದೆ

ರೈತರಿಗೆ ಮಳೆ ನಕ್ಷತ್ರಗಳ ಲೆಕ್ಕ ಗೊತ್ತು. ಕಾಡಿನ ಉಣುಗಿಗೂ ಅಂಥದೇ ಲೆಕ್ಕವಿದೆ. ಅದು ಗೊತ್ತಾದರೆ ಅರ್ಧ ಕೆಲಸ ಆದಂತೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅಂದರೆ ಮಳೆಗಾಲದಲ್ಲಿ, ಬಲಿತ ಉಣುಗುಗಳ ಕಾಲ. ಇವು ದೊಡ್ಡ ಪ್ರಾಣಿಗಳನ್ನು ಹುಡುಕುತ್ತವೆ. ಮೇಯಲು ಕಾಡಿಗೆ ಹೋದ ದನ, ಎಮ್ಮೆಗಳ ಮೈಗೆ ಹತ್ತಿ ರಕ್ತ ಕುಡಿದು ಉಬ್ಬುತ್ತವೆ. ಹೊಟ್ಟೆ ತುಂಬಿದ ಹೆಣ್ಣು ಉಣುಗು ಕಳಚಿ ನೆಲಕ್ಕೆ ಬಿದ್ದು, ತರಗೆಲೆಯ ಅಡಿಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಟ್ಟು ಸಾಯುತ್ತದೆ.

ಮಳೆ ನಿಂತ ಮೇಲೆ, ಶರತ್ಕಾಲದಲ್ಲಿ, ಆ ಮೊಟ್ಟೆಗಳಿಂದ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಮರಿಗಳು ಹೊರಬರುತ್ತವೆ. ಇವು ಇಲಿ, ಹೆಗ್ಗಣ, ನೆಲದ ಮೇಲೆ ಓಡಾಡುವ ಹಕ್ಕಿ, ಮಂಗ ಇವುಗಳ ರಕ್ತ ಕುಡಿದು ಬೆಳೆಯುತ್ತವೆ. ವೈರಸ್ ಇರುವ ಪ್ರಾಣಿಯ ರಕ್ತ ಕುಡಿದ ಮರಿಯ ಮೈಯಲ್ಲಿ ವೈರಸ್ ಉಳಿಯುತ್ತದೆ.

ನವೆಂಬರ್, ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಎರಡನೆಯ ಹಂತದ ಮರಿಗಳ ಕಾಲ. ಎಳ್ಳಿನಷ್ಟು ಗಾತ್ರ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಇವೇ. ಸುಗ್ಗಿ ಮುಗಿಸಿ ಜನ ಸೌದೆಗೆ, ದರಗಿಗೆ, ಜೇನಿಗೆ ಕಾಡು ಹೊಕ್ಕುವುದೂ ಅದೇ ಕಾಲದಲ್ಲಿ. ಹಾಗಾಗಿ ಕಾಯಿಲೆ ಡಿಸೆಂಬರ್‌ನಲ್ಲಿ ತಲೆ ಎತ್ತಿ ಬೇಸಿಗೆಯವರೆಗೂ ಇರುತ್ತದೆ. ಮಳೆ ಹಿಡಿದ ಮೇಲೆ ಇಳಿಯುತ್ತದೆ.

ಈಗ ನಾವಿರುವುದು ಮೊಟ್ಟೆ ಒಡೆಯುವ ಮತ್ತು ಮರಿ ಕಚ್ಚುವ ಕಾಲಗಳ ನಡುವೆ. ನಮಗೆ ಸಿಗುವ ಬಿಡುವು ಇಷ್ಟೇ.

ನಮ್ಮ ದನಗಳ ಪಾತ್ರ

ಒಂದು ವಿಷಯ ಮೊದಲೇ ಸ್ಪಷ್ಟವಾಗಲಿ. ದನಗಳು ಈ ಕಾಯಿಲೆಯನ್ನು ನೇರವಾಗಿ ನಮಗೆ ಅಂಟಿಸುವುದಿಲ್ಲ. ಅವುಗಳಿಗೆ ಈ ವೈರಸ್‌ನಿಂದ ಹೇಳುವಂಥ ತೊಂದರೆಯೂ ಆಗುವುದಿಲ್ಲ. ಹಾಲಿನಿಂದ ಮಂಗನ ಕಾಯಿಲೆ ಬಂದುದಕ್ಕೆ ಯಾವ ಪುರಾವೆಯೂ ಇಲ್ಲ. ಕಾಯಿಲೆ ಕಂಡ ಊರಿನ ಹಾಲು ಬೇಡ ಎಂದು ಯಾರಾದರೂ ಹೇಳಿದರೆ, ಅವರಿಗೆ ಇದನ್ನು ತಿಳಿಸಿ ಹೇಳುವುದು ನಮ್ಮ ಕರ್ತವ್ಯ. ಹಾಲನ್ನು ಕಾಯಿಸಿಯೇ ಕುಡಿಯಬೇಕು. ಅದು ಕಂದು ರೋಗ, ಕ್ಷಯದಂಥ ಬೇರೆ ರೋಗಗಳ ಕಾರಣಕ್ಕೆ.

ಹಾಗಾದರೆ ದನಗಳ ಪಾತ್ರ ಏನು? ಅವು ಉಣುಗಿಗೆ ಊಟ ಹಾಕುತ್ತವೆ, ಗಾಡಿಯೂ ಆಗುತ್ತವೆ. ನಮ್ಮಲ್ಲಿ ಬಹಳ ಮನೆಗಳಲ್ಲಿ ನಾಲ್ಕಾರು ಮಲೆನಾಡು ಗಿಡ್ಡ ಇರುತ್ತವೆ, ಜೊತೆಗೆ ಒಂದೆರಡು ಜರ್ಸಿ ಇಲ್ಲವೆ ಎಚ್.ಎಫ್. ಮಿಶ್ರತಳಿ. ಗಿಡ್ಡ ದನಗಳು ಬೆಳಿಗ್ಗೆ ಕಾಡಿಗೆ ಹೋಗಿ ಸಂಜೆ ಮನೆಗೆ ಬರುತ್ತವೆ. ಮಿಶ್ರತಳಿ ಕೊಟ್ಟಿಗೆಯಲ್ಲೇ ಇರುತ್ತದೆ. ರಾತ್ರಿ ಎರಡೂ ಒಂದೇ ಸೂರಿನ ಅಡಿ. ಕಾಡಿನ ಉಣುಗು ಹೀಗೆ ಗಿಡ್ಡನ ಬೆನ್ನೇರಿ ಮನೆಯಂಗಳಕ್ಕೆ ಬರುತ್ತದೆ.

ದನದ ಮೈಮೇಲಿನ ಉಣುಗೆಲ್ಲ ಮಂಗನ ಕಾಯಿಲೆಯದಲ್ಲ. ಕೊಟ್ಟಿಗೆಯಲ್ಲಿ ವರ್ಷವಿಡೀ ಕಾಣುವ ಉಣುಗು ಹೆಚ್ಚಾಗಿ ಬೇರೆ ಜಾತಿಯದು. ಆದರೆ ಅದೂ ನಮಗೆ ನಷ್ಟವನ್ನೇ ತರುತ್ತದೆ. ಥೈಲೇರಿಯಾ, ಕೆಂಪು ಮೂತ್ರದ ಬೆಬೀಸಿಯಾ, ಅನಾಪ್ಲಾಸ್ಮಾ ಇವೆಲ್ಲ ಉಣುಗಿನಿಂದ ಬರುವ ದನದ ರೋಗಗಳು. ಮಿಶ್ರತಳಿ ಹಸುಗಳಿಗೆ ಇವು ಬೇಗ ತಾಗುತ್ತವೆ. ಜ್ವರ ಬಂದ ಹಸು ಮೇವು ಬಿಡುತ್ತದೆ, ಹಾಲು ಒಮ್ಮೆಲೇ ಇಳಿಯುತ್ತದೆ, ಚಿಕಿತ್ಸೆ ತಡವಾದರೆ ಹಸುವೇ ಹೋಗುತ್ತದೆ. ಆದ್ದರಿಂದ ಉಣುಗು ನಿಯಂತ್ರಣಕ್ಕೆ ಹಾಕಿದ ದುಡ್ಡು ಹಸುವಿಗೂ ಆಯಿತು, ಮನೆಯವರಿಗೂ ಆಯಿತು.

ಹಬ್ಬದ ಹೊತ್ತಿಗೆ ಕೊಟ್ಟಿಗೆಯ ಕೆಲಸ

ದೀಪಾವಳಿಯ ಗೋಪೂಜೆಗೆ ನಾವು ದನಗಳ ಮೈ ತೊಳೆದು, ಕೆಮ್ಮಣ್ಣು ಬಳಿದು, ಹಾರ ಹಾಕುತ್ತೇವೆ. ಆ ಕೆಲಸದ ಜೊತೆಯಲ್ಲೇ ಇವನ್ನೂ ಮಾಡಬಹುದು.

ಮೈ ತೊಳೆಯುವಾಗ ಕಿವಿಯ ಒಳಗೆ, ಕೊರಳ ಕೆಳಗೆ, ಕೆಚ್ಚಲ ಸುತ್ತ, ತೊಡೆಯ ಸಂದಿ, ಬಾಲದ ಬುಡ ಇಷ್ಟನ್ನೂ ಕೈಯಾಡಿಸಿ ನೋಡಿ. ಉಣುಗು ಕಂಡರೆ ಉಗುರಿನಲ್ಲಿ ಚಿವುಟಿ ಒಡೆಯುವ ಅಭ್ಯಾಸ ನಮ್ಮಲ್ಲಿ ಬಹಳ ಜನರಿಗಿದೆ. ಅದನ್ನು ಬಿಡಬೇಕು. ಉಣುಗಿನ ಹೊಟ್ಟೆಯಲ್ಲಿರುವುದು ನಮ್ಮ ಕೈಯ ಗಾಯಕ್ಕೆ ತಾಗಬಾರದು. ಚಿಮಟಿಗೆಯಿಂದ ಕಿತ್ತು ಸೀಮೆಎಣ್ಣೆ ಇಲ್ಲವೆ ಸಾಬೂನಿನ ನೀರಿರುವ ಡಬ್ಬಿಗೆ ಹಾಕಿ.

ಉಣುಗು ಹೆಚ್ಚಿದ್ದರೆ ಪಶುವೈದ್ಯರನ್ನು ಕೇಳಿ ಔಷಧಿ ಬಳಸಿ. ಬೆನ್ನ ಮೇಲೆ ಸುರಿಯುವ ಔಷಧಿಯಿದೆ, ನೀರಿಗೆ ಬೆರೆಸಿ ಸಿಂಪಡಿಸುವುದಿದೆ. ಎಷ್ಟು ನೀರಿಗೆ ಎಷ್ಟು ಎಂಬುದನ್ನು ಕಣ್ಣಳತೆಯಲ್ಲಿ ಮಾಡಬೇಡಿ. ಕಡಿಮೆಯಾದರೆ ಉಣುಗು ಸಾಯುವುದಿಲ್ಲ, ಔಷಧಿಗೆ ಒಗ್ಗಿಕೊಳ್ಳುತ್ತದೆ. ಹೆಚ್ಚಾದರೆ ಹಸುವಿಗೆ ವಿಷವಾಗುತ್ತದೆ. ಹಾಲು ಕರೆದ ಮೇಲೆ ಸಿಂಪಡಿಸಿ, ಮುಂದಿನ ಹಾಲಿಗೆ ಮೊದಲು ಕೆಚ್ಚಲನ್ನು ಚೆನ್ನಾಗಿ ತೊಳೆಯಿರಿ. ಹಾಲನ್ನು ಡೇರಿಗೆ ಹಾಕುವುದನ್ನು ಎಷ್ಟು ದಿನ ನಿಲ್ಲಿಸಬೇಕು ಎಂಬುದನ್ನು ವೈದ್ಯರಿಂದಲೇ ಕೇಳಿ ತಿಳಿಯಿರಿ. ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ಹಾಲು ಕೊಡುವ ಹಸುವಿಗೆ ಕೊಡಬಾರದು. ಅದು ಹಾಲಿನಲ್ಲಿ ಇಳಿಯುತ್ತದೆ. ಕಾಡಿಗೆ ಹೋಗುವ ಗಿಡ್ಡ ದನಗಳನ್ನು ಬಿಟ್ಟು ಬರೀ ಮಿಶ್ರತಳಿಗೆ ಔಷಧಿ ಹಾಕಿದರೆ ಪ್ರಯೋಜನವಿಲ್ಲ. ಉಣುಗನ್ನು ಹೊತ್ತು ತರುವುದು ಗಿಡ್ಡನೇ.

ಕೊಟ್ಟಿಗೆಯ ಗೋಡೆ, ಕಂಬಗಳ ಬಿರುಕು ಮುಚ್ಚಿ ಸುಣ್ಣ ಬಳಿಯಿರಿ. ಉಣುಗು ಅಡಗುವುದೂ ಮೊಟ್ಟೆ ಇಡುವುದೂ ಅಲ್ಲೇ.

ಇನ್ನು ದರಗಿನ ವಿಷಯ. ಕೊಟ್ಟಿಗೆಗೆ ಹಾಸಲು, ಗೊಬ್ಬರ ಮಾಡಲು ಕಾಡಿನ ದರಗು ತಂದು ಮನೆಯ ಪಕ್ಕದಲ್ಲೇ ರಾಶಿ ಹಾಕುವುದು ನಮ್ಮ ಪದ್ಧತಿ. 2011-12ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಕಾಯಿಲೆ ಬಂದಾಗ ನಡೆದ ಅಧ್ಯಯನದಲ್ಲಿ, ಕಾಡಿಗೆ ಪದೇ ಪದೇ ಹೋಗುವವರಿಗೆ, ದನಗಳ ಕೆಲಸ ಮಾಡುವವರಿಗೆ, ಮನೆಯ ಹತ್ತಿರ ಒಣ ಎಲೆ ರಾಶಿ ಹಾಕಿಕೊಂಡವರಿಗೆ ಅಪಾಯ ಹೆಚ್ಚು ಎಂಬುದು ಕಂಡುಬಂತು. ಅಂದರೆ ಕಾಡಿಗೆ ಹೋಗದ ಅಜ್ಜಿಯನ್ನೂ ಅಂಗಳದಲ್ಲಿ ಆಡುವ ಮಗುವನ್ನೂ ಉಣುಗು ಹುಡುಕಿಕೊಂಡು ಬರಬಹುದು. ಆದ್ದರಿಂದ ದರಗಿನ ರಾಶಿ ಮನೆಯಿಂದ ದೂರವಿರಲಿ. ಸಾಧ್ಯವಿದ್ದವರು ಈ ಆರು ತಿಂಗಳು ಭತ್ತದ ಹುಲ್ಲು, ಹೊಟ್ಟು, ನಿಮ್ಮದೇ ತೋಟದ ಸೊಪ್ಪು ಬಳಸಿ, ಇಲ್ಲವೆ ರಬ್ಬರ್ ಮ್ಯಾಟ್ ಹಾಕಿ. ಎಲ್ಲರಿಗೂ ಇದು ಆಗುವುದಿಲ್ಲ ಎಂಬುದು ನನಗೆ ಗೊತ್ತು. ಹಾಲು ಹೆಚ್ಚು ಕೊಡುವ ಹಸು ಇರುವ ಕಡೆ, ಮಕ್ಕಳು ಓಡಾಡುವ ಕಡೆ ಮೊದಲು ಮಾಡಿ.

ಕಾಡಿಗೆ ಹೋಗಲೇಬೇಕಾದಾಗ

ಕಾಡಿಗೆ ಹೋಗಬೇಡಿ ಎಂದು ಹೇಳುವುದು ಸುಲಭ. ಆದರೆ ಸೌದೆ ಯಾರು ತರಬೇಕು, ಬಿಟ್ಟ ದನ ಯಾರು ಹೊಡೆದು ತರಬೇಕು? ಈ ಕೆಲಸದಲ್ಲಿ ಬಹುಪಾಲು ತಾಯಂದಿರದ್ದೇ. ಆದ್ದರಿಂದ ಹೋಗುವ ರೀತಿ ಬದಲಾಗಲಿ.

ಮಂಗ ಸತ್ತಿದೆ ಎಂಬ ಸುದ್ದಿಯಿರುವ ಕಾಡಿನ ಕಡೆ ಹೋಗಲೇಬೇಡಿ, ದನವನ್ನೂ ಅಲ್ಲಿ ಬಿಡಬೇಡಿ. ಬೇರೆ ಕಡೆ ಹೋಗುವಾಗ ಮೈತುಂಬ ಬಟ್ಟೆಯಿರಲಿ, ಕಾಲಿಗೆ ಬೂಟು ಇಲ್ಲವೆ ಮುಚ್ಚಿದ ಚಪ್ಪಲಿ ಇರಲಿ. ಆರೋಗ್ಯ ಇಲಾಖೆಯವರು ಕೊಡುವ ಡೇಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಮನೆಯ ಮಾಡಿನಲ್ಲಿ ಸಿಕ್ಕಿಸಿಟ್ಟ ಬಾಟಲಿಯಿಂದ ಯಾರಿಗೂ ರಕ್ಷಣೆ ಸಿಗುವುದಿಲ್ಲ. ಕಾಡಿನಲ್ಲಿ ದರಗಿನ ಮೇಲೆ ಕುಳಿತು ಎಲೆಯಡಿಕೆ ಹಾಕುವುದು, ಮಲಗುವುದು ಬೇಡ.

ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸಾಬೂನು ಹಚ್ಚಿ ಸ್ನಾನ ಮಾಡಿ. ಕಂಕುಳು, ಸೊಂಟ, ಮೊಣಕಾಲಿನ ಹಿಂಭಾಗ, ಕಿವಿಯ ಹಿಂದೆ, ತಲೆಗೂದಲ ಬುಡ ನೋಡಿಕೊಳ್ಳಿ. ಉಣುಗು ಕಚ್ಚಿಕೊಂಡಿದ್ದರೆ ಚಿಮಟಿಗೆಯಿಂದ ಚರ್ಮಕ್ಕೆ ತಾಗಿ ಹಿಡಿದು ನೇರವಾಗಿ ಎಳೆದು ತೆಗೆಯಿರಿ. ಬೀಡಿ ತಾಗಿಸಿ ಸುಡಬೇಡಿ.

ಜ್ವರ ಬಂದರೆ

ಉಣುಗು ಕಚ್ಚಿದ ಮೇಲೆ ಸಾಮಾನ್ಯವಾಗಿ 3ರಿಂದ 8 ದಿನಗಳಲ್ಲಿ ಜ್ವರ ಕಾಣಿಸುತ್ತದೆ. ಒಮ್ಮೆಲೇ ಚಳಿ, ಜೋರು ಜ್ವರ, ತಡೆಯಲಾರದ ತಲೆನೋವು, ಸೊಂಟ ಮತ್ತು ಮೀನಖಂಡಗಳ ನೋವು. ಮೂರು ನಾಲ್ಕು ದಿನ ಕಳೆದ ಮೇಲೆ ವಾಂತಿ, ಭೇದಿ, ಕೆಲವರಿಗೆ ಮೂಗು ಇಲ್ಲವೆ ಒಸಡಿನಲ್ಲಿ ರಕ್ತ. ಹೆಚ್ಚಿನವರು ಒಂದೆರಡು ವಾರಗಳಲ್ಲಿ ಗುಣವಾಗುತ್ತಾರೆ. ಆದರೆ ನೂರರಲ್ಲಿ 10ರಿಂದ 20 ಮಂದಿಗೆ ಮೂರನೆಯ ವಾರದಲ್ಲಿ ಜ್ವರ ಮರಳಿ ಬಂದು, ತಲೆನೋವು, ನಡುಕ, ಮಂಕು ಕಾಣಿಸಬಹುದು. ಕಾಯಿಲೆ ಬಂದವರಲ್ಲಿ ನೂರಕ್ಕೆ 3ರಿಂದ 5 ಮಂದಿ ತೀರಿಕೊಳ್ಳುತ್ತಾರೆ.

ಈ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಆದರೆ ಬೇಗ ಆಸ್ಪತ್ರೆ ಸೇರಿದರೆ ನೀರಿನಂಶ, ರಕ್ತದೊತ್ತಡ, ರಕ್ತಸ್ರಾವ ಇವನ್ನು ನೋಡಿಕೊಂಡು ಜೀವ ಉಳಿಸಬಹುದು. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುತ್ತಾ ನಾಲ್ಕು ದಿನ ಕಾಯಬೇಡಿ. ಆಸ್ಪಿರಿನ್‌ನಂಥ ಮಾತ್ರೆ ರಕ್ತಸ್ರಾವವನ್ನು ಹೆಚ್ಚಿಸಬಹುದು. ಎರಡನೆಯ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದೆ, ದನದ ಕೆಲಸ ಮಾಡುತ್ತೇನೆ ಎಂದು ಬಾಯಿಬಿಟ್ಟು ಹೇಳಿ. ವೈದ್ಯರಿಗೆ ಯಾವ ಪರೀಕ್ಷೆ ಮಾಡಿಸಬೇಕೆಂದು ಹೊಳೆಯುವುದು ಆ ಒಂದು ಮಾತಿನಿಂದ. ಈ ಕಾಲದಲ್ಲಿ ಇಲಿ ಜ್ವರವೂ ಇರುತ್ತದೆ, ಡೆಂಗಿಯೂ ಇರುತ್ತದೆ. ಯಾವುದೆಂದು ರಕ್ತ ನೋಡಿಯೇ ಹೇಳಬೇಕು.

ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡಿದ ನಿದರ್ಶನವಿಲ್ಲ. ಜ್ವರ ಬಂದ ಮನೆಯನ್ನು ದೂರ ಇಡಬೇಡಿ. ಅವರ ಹಸು ಕರೆದುಕೊಡಲು, ಹಾಲು ಡೇರಿಗೆ ಮುಟ್ಟಿಸಲು ನೆರೆಹೊರೆಯವರು ಕೈ ಕೊಡಬೇಕು.

ಲಸಿಕೆ ಹಾಕಿಸಿಕೊಂಡಿದ್ದೇವಲ್ಲ ಎನ್ನುವವರಿಗೆ

1990ರಿಂದ ನಮ್ಮಲ್ಲಿ ಈ ಕಾಯಿಲೆಗೆ ಲಸಿಕೆ ಹಾಕುತ್ತಿದ್ದರು. ಒಂದು ತಿಂಗಳ ಅಂತರದಲ್ಲಿ ಎರಡು, ಆಮೇಲೆ ವರ್ಷ ವರ್ಷ ಹಾಕಿಸಬೇಕಿತ್ತು. ಅದರ ರಕ್ಷಣೆ ಸಾಲದೆಂದು ಕಂಡುಬಂದುದರಿಂದ 2022ರಲ್ಲಿ ನಿಲ್ಲಿಸಲಾಯಿತು. ಹೊಸ ಲಸಿಕೆಗಾಗಿ ವೈದ್ಯಕೀಯ ಸಂಶೋಧನಾ ಮಂಡಳಿ ಕೆಲಸ ನಡೆಸಿದೆ. ಹಿಂದೆ ಹಾಕಿಸಿಕೊಂಡ ಲಸಿಕೆಯನ್ನು ನಂಬಿ ಯಾರೂ ಮೈಮರೆಯಬಾರದು.

ಇದು ಒಂದೇ ತಾಲ್ಲೂಕಿನ ಕಾಯಿಲೆ ಎಂಬ ಕಾಲವೂ ಹೋಯಿತು. ಎಂಬತ್ತರ ದಶಕದ ಆರಂಭದಲ್ಲಿ ಬೆಳ್ತಂಗಡಿಯಲ್ಲಿ ಕಾಡು ಕಡಿದ ಜಾಗದಲ್ಲಿ ದೊಡ್ಡದಾಗಿ ಬಂತು. 2012ರಿಂದ ಈಚೆಗೆ ಬಂಡೀಪುರ, ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲಿಯೂ ಕಂಡಿತು. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಲಗೋಡು ಭಾಗ ಅನುಭವಿಸಿದ ಕಷ್ಟ ತಮಗೆಲ್ಲ ನೆನಪಿದೆ. 2024ರಲ್ಲಿ ಸಿದ್ದಾಪುರದ ಕಡೆ ಬಂತು.

ಹಾಲಿನ ಜೊತೆ ಸುದ್ದಿಯೂ ಬರಲಿ

ಕೊನೆಯದಾಗಿ ಸಂಘದ ವಿಷಯ. ದಿನಕ್ಕೆ ಎರಡು ಸಲ ಊರಿನ ಮನೆಮನೆಯಿಂದ ಒಬ್ಬರು ಬಂದು ನಿಲ್ಲುವ ಜಾಗ ಹಾಲಿನ ಡೇರಿ. ಇಂಥ ಅನುಕೂಲ ಆರೋಗ್ಯ ಇಲಾಖೆಗೂ ಇಲ್ಲ, ಪುಣೆಯ ಸಂಸ್ಥೆಗೂ ಇಲ್ಲ.

ಮಂಗ ಸತ್ತದ್ದು ಮೊದಲು ಕಣ್ಣಿಗೆ ಬೀಳುವುದು ದನ ಕಾಯುವವರಿಗೆ. ಸತ್ತ ಮಂಗವನ್ನು ಮುಟ್ಟಬೇಡಿ, ಹೂಳಲು ಹೋಗಬೇಡಿ. ಮಂಗ ಸತ್ತ ಮೇಲೆ ಅದರ ಮೈಯಲ್ಲಿದ್ದ ಉಣುಗುಗಳು ಇಳಿದು ಸುತ್ತ ಹರಡುತ್ತವೆ. ಜಾಗ ಗುರುತಿಟ್ಟುಕೊಂಡು ಬಂದು ಅದೇ ದಿನ ಡೇರಿಯಲ್ಲಿ ಹೇಳಿ. ಕಾರ್ಯದರ್ಶಿಗಳು ಆರೋಗ್ಯ ಕೇಂದ್ರಕ್ಕೂ ಪಶು ಆಸ್ಪತ್ರೆಗೂ ತಿಳಿಸಲಿ. ಅವರು ಬಂದು ಸುತ್ತ 50 ಅಡಿ ಜಾಗಕ್ಕೆ ಮೆಲಾಥಿಯಾನ್ ಪುಡಿ ಹಾಕುತ್ತಾರೆ, ಮಂಗವನ್ನು ಪರೀಕ್ಷೆಗೆ ಒಯ್ಯುತ್ತಾರೆ. ಯಾವ ಕಾಡಿನಲ್ಲಿ ಮಂಗ ಸತ್ತಿದೆ ಎಂಬುದನ್ನು ಡೇರಿಯ ಹಲಗೆಯ ಮೇಲೆ, ಫ್ಯಾಟ್ ದರ ಬರೆಯುವ ಕಡೆಯಲ್ಲೇ, ಎಲ್ಲರಿಗೂ ಕಾಣುವಂತೆ ಬರೆಯಲಿ.

ನಿತ್ಯ ಹಾಲು ಹಾಕುವವರು ಎರಡು ಹೊತ್ತು ಬಾರದಿದ್ದರೆ ಏಕೆಂದು ವಿಚಾರಿಸಿ. ಹಸು ಬತ್ತಿರಬಹುದು, ಮನೆಯವರು ಜ್ವರದಲ್ಲಿ ಮಲಗಿರಲೂಬಹುದು. ಡೇಪಾ ತೈಲ ಬಂದಾಗ ಆಶಾ ಕಾರ್ಯಕರ್ತೆಯರಿಗೆ ಡೇರಿಯಲ್ಲೇ ಹಂಚಲು ಜಾಗ ಕೊಡಿ. ದೀಪಾವಳಿಗೆ ಮೊದಲು ಒಂದು ದಿನ ಗೊತ್ತುಮಾಡಿ, ಊರಿನ ಎಲ್ಲ ದನಗಳಿಗೂ ಒಟ್ಟಿಗೆ ಉಣುಗಿನ ಔಷಧಿ ಹಾಕಿಸಿ. ಒಂದು ಮನೆಯವರು ಹಾಕಿ ಪಕ್ಕದ ಮನೆಯವರು ಬಿಟ್ಟರೆ ಉಣುಗಿಗೆ ಬೇಲಿಯೇನೂ ಅಡ್ಡವಲ್ಲ. ಒಬ್ಬರೇ ಮಾಡಲಾಗದ್ದನ್ನು ಹತ್ತು ಜನ ಸೇರಿ ಮಾಡುವುದೇ ಸಹಕಾರ. ಹಾಲಿನಲ್ಲಿ ಅದನ್ನು ಮಾಡಿ ತೋರಿಸಿದ್ದೇವೆ, ಆರೋಗ್ಯದಲ್ಲೂ ಮಾಡೋಣ.

ಈ ಬಾರಿ ಗೋಪೂಜೆಯ ದಿನ ಹಸುವಿನ ಕೊರಳಿಗೆ ಹಾರ ಹಾಕುವ ಮೊದಲು ಅದರ ಕಿವಿಯ ಹಿಂದೆ ಒಮ್ಮೆ ನೋಡಿ ಎಂದು ಕೇಳಿಕೊಳ್ಳುತ್ತೇನೆ.